12 ಭಾಷೆಗಳ ಪುಸ್ತಿಕೆ, ಎರಡು ಭಾಷೆಗಳ ರೋಗಿ

ಗಡಿನಾಡ ಕನ್ನಡ ಅಂದ ಕೂಡಲೇ ನಾವು ಶಾಲೆ, ಸಾಹಿತ್ಯ, ನಾಮಫಲಕದ ಮಾತು ತೆಗೀತೇವೆ. ನಾನಿಂದು ಒಂದು ವೈದ್ಯಕೀಯ ಪ್ರಯೋಗವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ: 2023ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ‘ಸ್ಪ್ರಿಂಟ್ ಇಂಡಿಯಾ’.

ಒಮ್ಮೆ ಪಾರ್ಶ್ವವಾಯು ಆದವರಿಗೆ ತಿಳಿವಳಿಕೆ ಕೊಟ್ಟರೆ ಅದು ಮರುಕಳಿಸುವುದು ತಪ್ಪುತ್ತದೆಯೇ ಎಂಬುದು ಅದರ ಪ್ರಶ್ನೆ. 31 ಕೇಂದ್ರಗಳು, 4,298 ರೋಗಿಗಳು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಎಸ್ಸೆಮ್ಮೆಸ್, ಕಿರು ವೀಡಿಯೊ, ಕೈಪುಸ್ತಿಕೆ, 12 ಭಾಷೆಗಳಲ್ಲಿ. ಒಂದು ವರ್ಷದಲ್ಲಿ ಮತ್ತೆ ಪಾರ್ಶ್ವವಾಯು, ಹೃದಯದ ತೊಂದರೆ ಅಥವಾ ಸಾವು ಕಂಡವರು ತಿಳಿವಳಿಕೆ ಪಡೆದವರಲ್ಲಿ ಶೇ. 5.5, ಪಡೆಯದವರಲ್ಲಿ ಶೇ. 4.9. ಪ್ರಯೋಜನ ಕಾಣದೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಹಾಗಾದ್ರೆ ಜನರಿಗೆ ಹೇಳಿ ಫಲವಿಲ್ಲ ಅಂತ ತೀರ್ಮಾನಿಸೋಣವೇ? ನಾನು ಒಪ್ಪುವುದಿಲ್ಲ. ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡವರು ತಿಳಿವಳಿಕೆಯ ಗುಂಪಿನಲ್ಲಿ ಶೇ. 93.6, ಇನ್ನೊಂದರಲ್ಲಿ ಶೇ. 89.8. ಬೀಡಿ ಸಿಗರೇಟು, ಕುಡಿತ ಬಿಟ್ಟವರೂ ಹೆಚ್ಚು. ಅಂದರೆ ಮಾತು ತಲುಪಿದೆ, ಆದರೆ ಸಾಕಷ್ಟು ತಲುಪಿಲ್ಲ: ರಕ್ತದೊತ್ತಡದಲ್ಲಿ ಎರಡು ಗುಂಪುಗಳಿಗೆ ವ್ಯತ್ಯಾಸವಿಲ್ಲ. 2016ರ ‘ಇಂಟರ್‌ಸ್ಟ್ರೋಕ್’ ಅಧ್ಯಯನ 32 ದೇಶಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣವೆಂದು ಗುರುತಿಸಿದ್ದು ಅದನ್ನೇ ಅಲ್ವಾ?

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. 12 ಭಾಷೆ ಎಂಬ ಎಣಿಕೆ ಒಬ್ಬ ರೋಗಿಗೆ ಒಂದೇ ಭಾಷೆ ಎಂದುಕೊಳ್ಳುತ್ತದೆ. ಮಂಜೇಶ್ವರದ ಹಿರಿಯರೊಬ್ಬರು ಮನೆಯಲ್ಲಿ ಆಡುವುದು ತುಳು, ಓದುವುದು ಕನ್ನಡ. ಅವರಿಗೆ ಕನ್ನಡ ಪುಸ್ತಿಕೆ ಸರಿ, ಮಲಯಾಳ ಚೀಟಿ ಬರೀ ಕಾಗದ. ಅಕ್ಕಲಕೋಟೆಯಲ್ಲಿ ಇದೇ ತಿರುಗಾಮುರುಗಾ: ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ. ‘ಲಕ್ವಾ ಹೊಡೀತು’ ಅನ್ನುವವರಿಗೆ ಕನ್ನಡದ ವೀಡಿಯೊ ಬೇಕು, ಬರಹ ಮರಾಠಿಯಲ್ಲೇ ಇರಬೇಕು. ಇಬ್ಬರನ್ನೂ ‘ಕನ್ನಡ’ ಎಂಬ ಒಂದೇ ಕಲಮಿಗೆ ಹಾಕಿದರೆ ಒಬ್ಬರಿಗೆ ತಪ್ಪು ಹೊತ್ತಿಗೆ ಸಿಗುತ್ತದೆ.

ಆದ್ದರಿಂದ ‘ಆಸ್ಪತ್ರೆಯಲ್ಲಿ ಕನ್ನಡ ಕೊಡಿ’ ಎಂಬ ನಮ್ಮ ಬೇಡಿಕೆಯೂ ಸಾಲದು. ಮುಂದಿನ ಪ್ರಯೋಗ ಮೂರು ಪ್ರಶ್ನೆ ಕೇಳಲಿ: ಯಾವ ಭಾಷೆ ಓದುತ್ತೀರಿ, ಯಾವ ಭಾಷೆಯಲ್ಲಿ ಕೇಳಿದರೆ ಅರ್ಥವಾಗುತ್ತದೆ, ಮನೆಯಲ್ಲಿ ಮಾತ್ರೆ ಕೊಡುವವರು ಯಾರು? ಇದರಿಂದ ಫಲಿತಾಂಶ ಬದಲಾಗಿಯೇ ತೀರುತ್ತದೆಂದು ನಾನು ಹೇಳುವುದಿಲ್ಲ. ಇದನ್ನು ಕೇಳದೆ, ಮಾತಿಗೆ ಬಲವಿಲ್ಲ ಎಂದು ತೀರ್ಪು ಕೊಡುವುದು ಮಾತ್ರ ಆತುರ. ಚರ್ಚೆಗೆ ಇಷ್ಟು ಮುಂದಿಡುತ್ತೇನೆ.