ಪುಡಿಯಲ್ಲಿ ಮೂಡಿದ ಬೆಳಕು

ಪ್ಯಾರಿಸ್ ನಗರದ ಓರ್ಸೆ ವಸ್ತುಸಂಗ್ರಹಾಲಯವು 2023ರ ಮಾರ್ಚ್‌ನಿಂದ ಜುಲೈವರೆಗೆ, ಮಿಲೆಯಿಂದ ರೆದೋನ್‌ವರೆಗಿನ ಕಲಾವಿದರ ಪೇಸ್ಟಲ್ ಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸಿತ್ತು. ಸಂಗ್ರಹದಲ್ಲಿರುವ ಸುಮಾರು 500 ಚಿತ್ರಗಳಲ್ಲಿ ನೂರರಷ್ಟು ಮಾತ್ರ ಹೊರಬಂದಿದ್ದವು. ಇದು ಜಿಪುಣತನವೆಂದು ಭಾವಿಸಬೇಡಿ. ಬಣ್ಣದ ಪುಡಿಗೆ ತುಸುವೇ ಅಂಟು ಬೆರೆಸಿ ಮಾಡಿದ ಕಡ್ಡಿಯೇ ಪೇಸ್ಟಲ್. ಕಾಗದದ ಒರಟು ಮೈಗೆ ಆ ಪುಡಿ ಸುಮ್ಮನೆ ಆತುಕೊಂಡಿರುತ್ತದೆ. ಅಲುಗಿದರೆ ಉದುರುತ್ತದೆ, ಬೆಳಕು ಮಿತಿಮೀರಿದರೆ ಮಾಸುತ್ತದೆ. ಆದುದರಿಂದ ಗಾಜಿನ ಹಿಂದೆ, ಮಂದ ಬೆಳಕಿನಲ್ಲಿ, ಸರದಿಯ ಮೇಲೆ ಅವುಗಳ ದರ್ಶನ. ತಪಸ್ಸುಕಾಲದ ನಡುವೆ ಆರಂಭವಾದ ಪ್ರದರ್ಶನವಿದು. ಹಣೆಗೆ ಬೂದಿ ಧರಿಸಿದವರಿಗೆ ಈ ಪುಡಿಯ ಭಾಷೆ ಅಪರಿಚಿತವಲ್ಲ.

ಬಿಡುವಿನಲ್ಲಿ ಇವೇ ಕಡ್ಡಿಗಳನ್ನು ಹಿಡಿಯುವ ನನ್ನಂಥ ಹವ್ಯಾಸಿಯ ಕಣ್ಣು ಮೊದಲು ಹುಡುಕುವುದು ದೆಗಾನ ಕೈಚಳಕವನ್ನು. 1886ರ ಅವನ ‘ಸ್ನಾನದ ತೊಟ್ಟಿ’ ಚಿತ್ರದಲ್ಲಿ ಬಣ್ಣವನ್ನು ಬೆರಳಿನಿಂದ ತೀಡಿ ನುಣುಪಾಗಿಸಿಲ್ಲ. ಗೀರಿನ ಮೇಲೆ ಗೀರು ಕೂತು ಮೈ ಮೂಡಿದೆ. ನಾವು ಹವ್ಯಾಸಿಗಳು ತೀಡಿ ತೀಡಿಯೇ ಚಿತ್ರದ ಜೀವ ತೆಗೆಯುತ್ತೇವೆ! ಆದರೂ ಮೇಲಿನಿಂದ ನೋಡುವ ಆ ನೋಟದಲ್ಲಿ, ಬಾಗಿ ಕುಳಿತ ಹೆಣ್ಣಿಗಿಂತ ಅವಳ ಬೆನ್ನಿನ ವಕ್ರರೇಖೆಗೇ ಹೆಚ್ಚು ಮರ್ಯಾದೆ ಸಂದಿದೆಯೆಂದು ನನಗನಿಸುತ್ತದೆ.

ಮಿಲೆ ಹಾಗಲ್ಲ. ನಾರ್ಮಂಡಿಯ ರೈತ ಕುಟುಂಬದಲ್ಲಿ ಹುಟ್ಟಿದ ಈತ ತನ್ನ ಕೊನೆಯ ವರ್ಷಗಳಲ್ಲಿ ಕಿಟಕಿಯಂಚಿನ ಡೇಸಿ ಹೂಗೊಂಚಲೊಂದನ್ನು ಬರೆದ. ಹೂಗಳ ಹಿಂದಿನ ನೆರಳಿನಿಂದ ಒಂದು ಮುಖ ಇಣುಕುತ್ತದೆ. ಅದನ್ನು ಅವನು ಎತ್ತಿ ತೋರಿಸುವುದಿಲ್ಲ. ನಾವೇ ಕಾದು ಕಾಣಬೇಕು.

ನನ್ನನ್ನು ಕಾಡುವವನು ರೆದೋನ್. ಎಷ್ಟೋ ವರ್ಷ ಇದ್ದಿಲು ಮತ್ತು ಕಲ್ಲಚ್ಚಿನ ಕಪ್ಪಿನಲ್ಲೇ ಕೆಲಸಮಾಡಿದ ಆತ, 1890ರ ನಂತರ ಬಣ್ಣಕ್ಕೆ ತಿರುಗಿದ. ಓರ್ಸೆಯ ಸಂಗ್ರಹದಲ್ಲಿ ಅವನ ಬುದ್ಧನೂ ಇದ್ದಾನೆ, 1910ರ ಸುಮಾರಿನ ‘ಪವಿತ್ರ ಹೃದಯ’ವೂ ಇದೆ. ನಮ್ಮ ಮನೆಗಳ ಗೋಡೆಯ ಮೇಲಿನ ಪವಿತ್ರ ಹೃದಯದ ಪಟವನ್ನು ನೆನೆಯಿರಿ: ಅಲ್ಲಿ ಕ್ರಿಸ್ತನು ನಮ್ಮನ್ನೇ ನೋಡುತ್ತಾನೆ, ಹೃದಯವನ್ನು ಬೆರಳಿನಿಂದ ತೋರಿಸುತ್ತಾನೆ. ರೆದೋನನ ಕ್ರಿಸ್ತ ತನ್ನೊಳಗೆ ಮುಳುಗಿದ್ದಾನೆ. ಎದೆಯ ಬೆಳಕು ಮಾತ್ರ ಹೊರಸೂಸುತ್ತದೆ. ಬುದ್ಧನಿಗೂ ಕ್ರಿಸ್ತನಿಗೂ ಒಂದೇ ಬಗೆಯ ಕನಸಿನ ಬಣ್ಣ ಹಚ್ಚಿದವನಲ್ಲಿ ಇದ್ದುದು ವಿಶ್ವಾಸವೋ, ಕೇವಲ ಬಣ್ಣದ ಮೋಹವೋ ಎಂದು ನೀವು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಗಾಯದ ನೋವು ಈ ಹೃದಯದಲ್ಲಿ ನನಗೆ ಕಾಣದು. ಶಿಲುಬೆಯನ್ನು ದಾಟದೆಯೇ ಬೆಳಕಿಗೆ ಬಂದಂತಿದೆ. ಅದು ಈ ಚಿತ್ರದ ಕೊರತೆ. ಹಾಗಿದ್ದೂ, ಒಂದು ಉಸಿರಿಗೆ ಹಾರಿಹೋಗಬಲ್ಲ ಹಳದಿ ಪುಡಿ ಆ ಎದೆಯಲ್ಲಿ ನೂರು ವರ್ಷಗಳಿಗೂ ಮಿಕ್ಕಿ ನಿಂತು ಹೊಳೆಯುತ್ತಿದೆ. ನಮ್ಮ ಪಟಗಳ ಅಚ್ಚಿನ ಕೆಂಪಿನಲ್ಲಿ ಆ ನಡುಕ ನನಗೆಂದೂ ಕಂಡಿಲ್ಲ.