ಪರಿಮಳ ಮೊದಲು, ಐಸ್ ಆಮೇಲೆ

ಯುಗಾದಿ ಕಳೆದು ಬಿಸಿಲು ಏರಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮನೆಯಲ್ಲಿ ಮಾಡಿದ ಐಸ್ ಕಾಫಿ ನೀರುನೀರಾಗುತ್ತದೆ, ಏಲಕ್ಕಿ ಹಾಕಿದರೂ ಘಮ ಬರುವುದಿಲ್ಲ, ವೆನಿಲ್ಲಾ ಸಿರಪ್ ಯಾವ ಕಂಪನಿಯದು ತರಲಿ ಎಂಬ ಪ್ರಶ್ನೆಗಳೇ ಹೆಚ್ಚು. ಈ ವಾರ ಚಿಕೋರಿಯ ಪ್ರಮಾಣದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದಕ್ಕೆ ಬರುತ್ತೇನೆ, ಮೊದಲು ಐಸಿನ ಲೆಕ್ಕ ಮುಗಿಯಲಿ.

ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. 90 ಡಿಗ್ರಿ ಬಿಸಿಯಿರುವ 60 ಮಿಲಿ ಡಿಕಾಕ್ಷನ್ 5 ಡಿಗ್ರಿಗೆ ಇಳಿಯಬೇಕಾದರೆ ಹತ್ತಿರ ಹತ್ತಿರ 60 ಗ್ರಾಂ ಐಸ್ ಕರಗಿಹೋಗುತ್ತದೆ. ಅಂದರೆ ಡಿಕಾಕ್ಷನ್ ಎಷ್ಟಿತ್ತೋ ಅಷ್ಟೇ ನೀರು ಅದಕ್ಕೆ ಸೇರಿತು. ಅದೇ ಡಿಕಾಕ್ಷನ್ 27 ಡಿಗ್ರಿಗೆ ಆರಿದ ಮೇಲೆ ಐಸ್ ಹಾಕಿದರೆ ಕರಗುವುದು 16 ಗ್ರಾಂ ಮಾತ್ರ. ನೀರುನೀರಾಗುವ ರೋಗದ ಮುಕ್ಕಾಲು ಪಾಲು ಇಲ್ಲೇ ಇದೆ. ಆರಿಸುವಾಗ ಲೋಟವನ್ನು ತೆರೆದಿಟ್ಟರೆ ಘಮ ಹಾರಿಹೋಗುತ್ತದೆ. ಮುಚ್ಚಳ ಮುಚ್ಚಿ, ತಣ್ಣೀರಿನ ಬೋಗುಣಿಯೊಳಗೆ ಇಡಿ. ಸ್ಟೀಲ್ ಪಾತ್ರೆ ಬೇಗ ಶಾಖ ಬಿಡುತ್ತದೆ, ಗಾಜು ತಡಮಾಡುತ್ತದೆ.

ಕರಗುವ ಆ ಸ್ವಲ್ಪ ಐಸೂ ನೀರಾಗಬೇಕಿಲ್ಲ. ಫಿಲ್ಟರಿಗೆ ಮತ್ತೊಮ್ಮೆ ನೀರು ಹೊಯ್ದು ತೆಗೆಯುವ ಎರಡನೇ ಡಿಕಾಕ್ಷನ್ ಇದೆಯಲ್ಲ, ಬಿಸಿ ಕಾಫಿಗೆ ನಾನು ಅದನ್ನು ಎಂದೂ ಒಪ್ಪಿದವನಲ್ಲ, ಆದರೆ ಐಸ್ ಟ್ರೇಗೆ ಹೊಯ್ಯಲು ಅದಕ್ಕಿಂತ ಒಳ್ಳೆಯದಿಲ್ಲ. ಟ್ರೇಯನ್ನು ಮಾತ್ರ ಮುಚ್ಚಿಡಬೇಕು. ನಮ್ಮ ಫ್ರಿಜ್ಜುಗಳಲ್ಲಿ ಮಲ್ಲಿಗೆ ದಂಡೆ, ಹುದುಗಿದ ದೋಸೆ ಹಿಟ್ಟು, ನಿನ್ನೆಯ ಹುಳಿ ಎಲ್ಲವೂ ಒಟ್ಟಿಗೆ ಇರುತ್ತವೆ. ತೆರೆದಿಟ್ಟ ಐಸೂ ಹಾಲೂ ಅವೆಲ್ಲದರ ವಾಸನೆ ಹೀರಿಕೊಳ್ಳುತ್ತವೆ.

ಇನ್ನು ಚಿಕೋರಿ. ಬಿಸಿ ಕಾಫಿಯ ವಿಷಯದಲ್ಲಿ ಅಪ್ಪಟ ಕಾಫಿಯವರ ಜೊತೆ ವಾದಕ್ಕಿಳಿಯಲು ನನಗೆ ಆಸಕ್ತಿಯಿಲ್ಲ. ಐಸ್ ಕಾಫಿಯ ವಿಷಯದಲ್ಲಿ ಅವರು ಹೇಳುವುದು ತಪ್ಪು. ಚಿಕೋರಿ ಎಂದರೆ ಹುರಿದ ಬೇರು. ಅದರಲ್ಲಿ ಕೆಫೀನ್ ಇಲ್ಲ, ಆದರೆ ನೀರಿನಲ್ಲಿ ಕರಗುವ ಅಂಶ ಕಾಫಿಗಿಂತ ಹೆಚ್ಚು. ಆದ್ದರಿಂದಲೇ ಹಾಲು, ಐಸ್ ಎರಡೂ ಬಿದ್ದ ಮೇಲೂ ಡಿಕಾಕ್ಷನ್ನಿನ ಮೈ ತೆಳುವಾಗುವುದಿಲ್ಲ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಬೇಕು. ಆ ಅಂಚಿಗೆ ಹೋಗುವುದು ಬೇಡ. ತಣ್ಣನೆಯ ಕಾಫಿಗೆ 80 ಭಾಗ ಕಾಫಿ, 20 ಭಾಗ ಚಿಕೋರಿ. ಕಾಫಿಯಲ್ಲಿ ಅರ್ಧ ರೋಬಸ್ಟಾ ಪೀಬೆರಿ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನವರು ಚಿಕೋರಿ ಬೆರೆತ ಕಾಫಿಗೆ ಹಾಲು, ಐಸ್ ಸೇರಿಸಿ ಕುಡಿಯುತ್ತಾರೆ. ವಿಯೆಟ್ನಾಮಿನವರು ನಮ್ಮ ಫಿಲ್ಟರಿನ ದಾಯಾದಿಯಂತಿರುವ ಪುಟ್ಟ ಫಿಲ್ಟರಿನಲ್ಲಿ ರೋಬಸ್ಟಾ ಇಳಿಸಿ, ಮಂದಗೊಳಿಸಿದ ಸಿಹಿ ಹಾಲಿನೊಂದಿಗೆ ಐಸಿನ ಮೇಲೆ ಸುರಿಯುತ್ತಾರೆ. ಇಬ್ಬರೂ ಕಂಡುಕೊಂಡ ಸತ್ಯ ಒಂದೇ: ಐಸಿನ ಎದುರು ನಿಲ್ಲಲು ಕಾಫಿಗೆ ಕಸುವು ಬೇಕು.

ರಾತ್ರಿಯಿಡೀ ತಣ್ಣೀರಿನಲ್ಲಿ ಪುಡಿ ನೆನೆಸುವ ಕೋಲ್ಡ್ ಬ್ರೂ ಪಂಥದವರು ಬಿಸಿನೀರು ಮುಟ್ಟಿದ ಕಾಫಿಗೆ ಐಸ್ ಹಾಕುವುದೇ ಅಪರಾಧ ಎನ್ನುತ್ತಾರೆ. ಹಾಲಿಲ್ಲದೆ, ಸಕ್ಕರೆಯಿಲ್ಲದೆ ಕುಡಿಯುವವರಿಗೆ ಅವರ ದಾರಿ ಸರಿ. ಪರಿಮಳದ ಮಾತು ಬಂದಾಗ ಮಾತ್ರ ಅದು ಎಲ್ಲಿಗೂ ಮುಟ್ಟಿಸುವುದಿಲ್ಲ. ಏಲಕ್ಕಿಯ ಘಮ ಇರುವುದು ಅದರ ತೈಲದಲ್ಲಿ. ತೈಲ ತಣ್ಣೀರಿಗೆ ಬಗ್ಗುವುದಿಲ್ಲ. ಅದು ಬಿಟ್ಟುಕೊಳ್ಳುವುದು ಬಿಸಿಗೆ, ಸೇರಿಕೊಳ್ಳುವುದು ಕೊಬ್ಬಿಗೆ. ಆದ್ದರಿಂದ ಏಲಕ್ಕಿಯನ್ನು ಕುಟ್ಟಾಣಿಯಲ್ಲಿ ಆಗಷ್ಟೇ ಜಜ್ಜಿ, ಕಾಯುತ್ತಿರುವ ಹಾಲಿಗೆ ಹಾಕಿ, ಉಕ್ಕುವ ಮುಂಚೆ ಇಳಿಸಿ ಮುಚ್ಚಿಡಿ. ತೀರಾ ತೆಳು ಹಾಲು ಬೇಡ. ನಂದಿನಿಯ ಶುಭಂನಂಥ, ನೂರಕ್ಕೆ 4.5ರಷ್ಟು ಕೊಬ್ಬಿರುವ ಹಾಲಾದರೂ ಇರಲಿ. ಆರಿದ ಮೇಲೆ ಸೋಸಲೇಬೇಕು. ಬಿಸಿ ಕಾಫಿಯಲ್ಲಿ ಕೆನೆ ಸುಖ, ತಣ್ಣನೆಯದರಲ್ಲಿ ಅದು ಚೂರುಚೂರಾಗಿ ನಾಲಗೆಗೆ ಅಂಟುತ್ತದೆ.

ಸಿಹಿ ಸ್ವಲ್ಪ ಮುಂದಿರಲಿ. ತಂಪಾದ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಲೋಟದಲ್ಲಿ ಸಕ್ಕರೆ ಹಾಕಿ ಎಷ್ಟು ತಿರುಗಿಸಿದರೂ ತಳದಲ್ಲಿ ಉಳಿಯುವುದು ಎಲ್ಲರಿಗೂ ಗೊತ್ತು, ಅದಕ್ಕಾಗಿಯೇ ಪಾಕ ಮಾಡಿಟ್ಟುಕೊಳ್ಳುತ್ತಾರೆ. ಶಿರಸಿ, ಸಾಗರದ ಕಡೆಯ ಮನೆಗಳಲ್ಲಿ ಪಾಕವೂ ಬೇಕಿಲ್ಲ, ಜೋನಿಬೆಲ್ಲ ಡಬ್ಬದಲ್ಲೇ ಇರುತ್ತದೆ. ಕಾಯುತ್ತಿರುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯ ಉಂಟು. ತಣ್ಣನೆಯ ಹಾಲಿಗೆ ಆ ಭಯವಿಲ್ಲ. ಏಲಕ್ಕಿ ಹಾಲು, ಜೋನಿಬೆಲ್ಲ, ಎರಡನೇ ಡಿಕಾಕ್ಷನ್ನಿನ ಐಸ್, ಅದರ ಮೇಲೆ ಆರಿದ ಗಟ್ಟಿ ಡಿಕಾಕ್ಷನ್. ಬೇಸಿಗೆಗೆ ಇದಕ್ಕಿಂತ ಮೇಲಾದ ಕಾಫಿ ನನಗೆ ಗೊತ್ತಿಲ್ಲ.

ಅಂಗಡಿಯ ಸಿರಪ್ ಬಾಟಲಿಗಳ ಮೇಲೆ ನನಗಿರುವ ಹಳೆಯ ಕೋಪ ಇಲ್ಲಿಂದಲೇ ಹುಟ್ಟಿದ್ದು. ಕಾಫಿಗೆ ಯಾವ ಪರಿಮಳ ಒಪ್ಪುತ್ತದೆ ಎಂಬುದಕ್ಕೆ ಕಾಫಿ ತೋಟವೇ ಉತ್ತರ ಕೊಟ್ಟಿದೆ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ತಂಪಾದ ತಗ್ಗುಗಳಲ್ಲಿ ಏಲಕ್ಕಿ ಇರುತ್ತದೆ, ಗಿಡಗಳ ನಡುವೆ ಕಿತ್ತಳೆ ಇರುತ್ತದೆ. ಒಂದೆರಡು ಮೆಣಸಿನ ಕಾಳು ಜಜ್ಜಿ ಹಾಲಿಗೆ ಹಾಕಿದರೆ ತಣ್ಣನೆಯ ಕಾಫಿಯ ಕೊನೆಯಲ್ಲಿ ಗಂಟಲಿಗೆ ಸಣ್ಣ ಬಿಸಿ ತಾಗುತ್ತದೆ. ಕಿತ್ತಳೆಯ ರಸ ಹಾಲನ್ನು ಒಡೆಯುತ್ತದೆ, ಸಿಪ್ಪೆ ಒಡೆಯುವುದಿಲ್ಲ; ಮೇಲಿನ ಬಣ್ಣದ ಪದರವನ್ನಷ್ಟೇ ತುರಿದು ಸಕ್ಕರೆಯೊಂದಿಗೆ ಉಜ್ಜಿಟ್ಟರೆ ಸಕ್ಕರೆ ಅದರ ತೈಲವನ್ನು ಎಳೆದುಕೊಳ್ಳುತ್ತದೆ. ಆ ಸಕ್ಕರೆಯಿಂದ ಪಾಕ ಮಾಡಿ.

ಹಾಗಾದರೆ ವೆನಿಲ್ಲಾ? ಅದೂ ನಮ್ಮ ತೋಟದಲ್ಲಿ ಇತ್ತು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ.

ವೆನಿಲ್ಲಾ ಮೆಕ್ಸಿಕೊ ಕಡೆಯಿಂದ ಬಂದ ಆರ್ಕಿಡ್ ಬಳ್ಳಿ. ಬೇರೆ ನಾಡುಗಳಲ್ಲಿ ಬಹಳ ಕಾಲ ಅದು ಹೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿ ಮತ್ತು ಹೆಬ್ಬೆರಳಿನಿಂದ ಆ ಹೂವಿಗೆ ಪರಾಗಸ್ಪರ್ಶ ಮಾಡುವ ಉಪಾಯ ಕಂಡುಹಿಡಿದ. ಇಂದಿಗೂ ಬೇರೆ ದಾರಿಯಿಲ್ಲ. ಹೂ ಅರಳುವುದು ಒಂದೇ ದಿನ. ಬೆಳಗಿನ ಹೊತ್ತಿನಲ್ಲಿ ಒಂದೊಂದು ಹೂವನ್ನೂ ಕೈಯಿಂದ ಮುಟ್ಟಬೇಕು. 2000ದಲ್ಲಿ ಚಂಡಮಾರುತ ಮಡಗಾಸ್ಕರಿನ ಬೆಳೆಯನ್ನು ಹಾಳುಮಾಡಿದ ಮೇಲೆ ಬೆಲೆ ಗಗನಕ್ಕೇರಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಮಲೆನಾಡು, ಕೊಡಗಿನ ಅಡಿಕೆ, ಕಾಫಿ ತೋಟಗಳಲ್ಲಿ ಆಗ ವೆನಿಲ್ಲಾ ಹಬ್ಬಿತು. ಬೆಳಗಾದರೆ ಮನೆಮಂದಿಯೆಲ್ಲ ಕಡ್ಡಿ ಹಿಡಿದು ಬಳ್ಳಿಯ ಹತ್ತಿರ. ಕೆಲವೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿತು, ಬಳ್ಳಿಗಳನ್ನು ಕಿತ್ತೆಸೆದರು.

ಕೊಯ್ದ ಹಸಿರು ಕೋಡಿಗೆ ಘಮವೇ ಇಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಗಟ್ಟಲೆ ಬಿಸಿಲಿಗೆ ಹಾಕಿ ತೆಗೆದು, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಮೇಲೆ ಅದು ಕಪ್ಪಾಗಿ ಪರಿಮಳ ಬಿಡುತ್ತದೆ. ಕಾಫಿ ಒಣಗುವ ಕಣದಲ್ಲಿ ಬಿಸಿಲನ್ನೂ ಮೋಡವನ್ನೂ ನೋಡಿ ಕಲಿತ ಕೈಗೆ ಈ ಕೆಲಸ ಹೊಸದಲ್ಲ. ಇಷ್ಟು ದುಡಿಮೆಯನ್ನು ಸೋಲಿಸಿದ್ದರಲ್ಲಿ 1874ರಿಂದ ಪ್ರಯೋಗಾಲಯದಲ್ಲಿ ತಯಾರಾಗುತ್ತಿರುವ ವೆನಿಲಿನ್ನಿನ ಪಾಲು ದೊಡ್ಡದು. ಅಗ್ಗದ ಸಿರಪ್‌ನಲ್ಲಿ ವೆನಿಲ್ಲಾ ಎಂದು ಮೂಗಿಗೆ ತಾಗುವುದು ಸಾಮಾನ್ಯವಾಗಿ ಆ ಒಂದೇ ರಾಸಾಯನಿಕ. ಕೋಡಿನಲ್ಲಿ ಅದರ ಜೊತೆಗೆ ನೂರಾರು ಬೇರೆ ಘಟಕಗಳಿವೆ. ಹಾಲಿನಲ್ಲಿ ಕುದಿಸಿ ತಣಿಸಿದಾಗ ವ್ಯತ್ಯಾಸ ಮೊದಲ ಗುಟುಕಿಗೇ ತಿಳಿಯುತ್ತದೆ.

ಮಾಡುವ ಕ್ರಮ ಸರಳ. ಅರ್ಧ ಲೀಟರ್ ಹಾಲಿಗೆ ಅರ್ಧ ಕೋಡು ಸಾಕು. ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಬೀಜವನ್ನು ಚಾಕುವಿನ ಬೆನ್ನಿನಿಂದ ಕೆರೆದು, ಬೀಜ ಸಿಪ್ಪೆ ಎರಡನ್ನೂ ಹಾಲಿಗೆ ಹಾಕಿ ಕಾಯಿಸಿ ಮುಚ್ಚಿಡಿ. ಸೋಸಿದ ಸಿಪ್ಪೆಯನ್ನು ಬಿಸಾಡಬಾರದು; ತೊಳೆದು ಒಣಗಿಸಿ ಸಕ್ಕರೆ ಡಬ್ಬದಲ್ಲಿ ಹುದುಗಿಸಿಟ್ಟರೆ ತಿಂಗಳುಗಳ ಕಾಲ ಸಕ್ಕರೆ ಘಮಘಮಿಸುತ್ತದೆ. ವೆನಿಲ್ಲಾದ ಜೊತೆ ಏಲಕ್ಕಿ ಬೇಡ, ಬೆಲ್ಲವೂ ಬೇಡ. ಚಿಕೋರಿಯನ್ನು ಹತ್ತು ಭಾಗಕ್ಕೆ ಇಳಿಸಿ, ಅರೇಬಿಕಾ ಹೆಚ್ಚಿಸಿ.

ಸಿರಪ್ ಯಾವ ಕಂಪನಿಯದು ತರಲಿ ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಇದೇ: ಯಾವುದೂ ಬೇಡ, ಕೋಡು ತನ್ನಿ. ಬೆಲೆ ಬಿದ್ದ ಮೇಲೂ ಬಳ್ಳಿಯನ್ನು ಕೀಳದೆ ಉಳಿಸಿಕೊಂಡು, ಈಗಲೂ ಹೂ ಮುಟ್ಟಿ ಕೋಡು ಹದಮಾಡುತ್ತಿರುವ ಬೆಳೆಗಾರರು ಈ ಪುಟವನ್ನು ಓದುತ್ತಿದ್ದರೆ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಕೊಳ್ಳಲು ಸಿದ್ಧರಿರುವ ಓದುಗರು ಬಹಳ ಮಂದಿ ಇದ್ದಾರೆ.