ಗತಿ ತಪ್ಪಿದ ಪುರಾಣ

ಶ್ರಾವಣ ಬಂತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮಠ-ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಹಗಲೆಲ್ಲ ಹೊಲದಲ್ಲಿ ಎಡೆ ಹೊಡೆದವರು ರಾತ್ರಿ ಉಂಡು ಬಂದು ಕೂಡುತ್ತಾರೆ. ಪುರಾಣಿಕರು, ಪೇಟಿ ಹಿಡಿದ ಗವಾಯಿಗಳು, ತಬಲಾದವರು. ಪೀಠದ ಮೇಲೆ ಹೂವೇರಿಸಿದ ಗ್ರಂಥ. ಆ ಗ್ರಂಥ ಈಗೀಗ ಬರೀ ಪೂಜೆಗೆ ಉಳಿದಿದೆ ಎಂಬುದೇ ನನ್ನ ತಕರಾರು.

ಸಭೆಯಲ್ಲಿ ಓದುವ ಗ್ರಂಥ ಹೇಗೆ ಸಜ್ಜಾಗಿರುತ್ತದೆಂದು ತಿಳಿಯಲು ಮಧ್ಯಯುಗದ ಗ್ರೀಕ್ ಕ್ರೈಸ್ತರ ವಾಚನಗ್ರಂಥಗಳನ್ನು ನೋಡಬೇಕು. ಆ ಹಸ್ತಪ್ರತಿಗಳಲ್ಲಿ ಸುವಾರ್ತೆಗಳನ್ನು ಬಿಡಿಸಿ, ಹಬ್ಬ-ವಾರಗಳ ಪ್ರಕಾರ ಮರುಜೋಡಿಸಿರುತ್ತಾರೆ. ಈಸ್ಟರ್ ಭಾನುವಾರಕ್ಕೆ ಯೋಹಾನನ ಮೊದಲ ಅಧ್ಯಾಯದಿಂದ ಶುರು. ಅನೇಕ ಪ್ರತಿಗಳಲ್ಲಿ ಸಾಲಿನ ಮೇಲೆ ಕೆಳಗೆ ಕೆಂಪು ಮಸಿಯ ಗುರುತುಗಳೂ ಇವೆ: ದನಿ ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು. ಸುವಾರ್ತೆ ಗದ್ಯ ತಾನೆ, ಗುರುತಿಲ್ಲದೆ ರಾಗ ಹತ್ತುವುದು ಕಷ್ಟ.

ನಮ್ಮ ಕವಿಗಳಿಗೆ ಆ ಕೆಂಪು ಮಸಿ ಬೇಕಾಗಲಿಲ್ಲ. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ ಇರುವುದು ಭಾಮಿನಿ ಷಟ್ಪದಿಯಲ್ಲಿ. ಮೂರು-ನಾಲ್ಕು ಮಾತ್ರೆಯ ಗಣಗಳು ಎರಡು ಸಾಲು ಚುರುಕಾಗಿ ನಡೆದು, ಮೂರನೆಯ ಸಾಲು 23 ಮಾತ್ರೆಗೆ ಉದ್ದವಾಗಿ, ಒಂದು ಗುರುವಿನ ಮೇಲೆ ಊರಿ ನಿಲ್ಲುತ್ತದೆ. ಗವಾಯಿ ಆ ಗುರುವನ್ನು ಎಳೆದರೆ ಸಾಕು, ಅರ್ಧ ಪದ್ಯ ಮುಗಿಯಿತೆಂದು ಅಕ್ಷರ ಬಾರದವರಿಗೂ ಗೊತ್ತು. ಕೃತಿಯ ಗತಿಗಳು, ಅಂದರೆ ಅಧ್ಯಾಯಗಳು, 25; ದಿನಕ್ಕೊಂದರಂತೆ ಹಿಡಿದರೆ ತಿಂಗಳೊಳಗೆ ಮಂಗಲ.

ಈಗ ಎಷ್ಟೋ ಕಡೆ ಎರಡು ಪದ್ಯ ಹಾಡಿದ ಶಾಸ್ತ್ರವಾಗುತ್ತದೆ, ಆಮೇಲೆ ತಾಸುಗಟ್ಟಲೆ ಅತ್ತೆ-ಸೊಸೆ ನಗೆಮಾತು, ಮೊಬೈಲಿಗೆ ಬೈಗುಳ. ದಣಿದು ಬಂದವರು ನಗಬಾರದು ಎನ್ನುವಷ್ಟು ಬಿಗಿ ನಾನಲ್ಲ. ಉಪಕಥೆ ಪುರಾಣಕ್ಕೆ ಹೊಸದೂ ಅಲ್ಲ. ಆದರೆ ಅದು ಪದ್ಯದಿಂದ ಹೊರಟು ಪದ್ಯಕ್ಕೇ ಮರಳಬೇಕು. ‘ಪ್ರಭುಲಿಂಗಲೀಲೆ’ಯ ನಾಯಕ ಅಲ್ಲಮನ ಮದ್ದಳೆಗೆ ಮಾಯೆ ಮರುಳಾಗುವ ಪ್ರಸಂಗವನ್ನು ಬರೀ ಮಾತಿನಲ್ಲಿ ಹೇಳಿದರೆ ಮದ್ದಳೆ ಕೇಳಿಸುವುದು ಎಲ್ಲಿಂದ? ಹಿಂದೆ ಕೂತ ತಬಲಾದವರೂ ಸುಮ್ಮನೆ ಕೈಕಟ್ಟಿಕೊಂಡಿರುತ್ತಾರೆ.

ಪುರಾಣಿಕರನ್ನು ಗೊತ್ತುಮಾಡುವಾಗ ಕಮಿಟಿಯವರು ಕಾಣಿಕೆ, ಮೈಕು, ಮಂಗಲದ ದಿನದ ಪ್ರಸಾದ ಎಲ್ಲ ಮಾತಾಡುತ್ತಾರೆ. ರಾತ್ರಿಗೆ ಎಷ್ಟು ಪದ್ಯ ಓದಬೇಕೆಂಬುದನ್ನೂ ಆಗಲೇ ಮಾತಾಡಿಕೊಳ್ಳಲಿ. ಪೂರ್ತಿ ಗತಿ ಆಗದಿದ್ದರೆ ಹತ್ತು ಪದ್ಯವಾದರೂ ಇರಲಿ.